ಬಿಚ್ಚೋಕೆ ಬಾರದವನು ನಾನೇ

ಕಳೆದ ತಿಂಗಳು ನಮ್ಮನೆ ವಾಷಿಂಗ್ ಮೆಷಿನ್ ಹೊಟ್ಟೆ ತುಂಬ ನೀರು ಇಟ್ಟುಕೊಂಡು ನಿಂತುಬಿಟ್ಟಿತು. ಒಳಗೆ ಬಟ್ಟೆ, ಬಾಗಿಲು ಲಾಕ್, ಮುಂದೆ ಏನೋ ಒಂದು ಕೋಡ್ ಮಿನುಗುತ್ತಿದೆ. ನಾನು ಮಾಡಿದ ಮೊದಲ ಕೆಲಸ ಬಿಲ್ ಹುಡುಕಿದ್ದು. ವಾರಂಟಿ ಮುಗಿದು ಎಂಟು ತಿಂಗಳಾಗಿತ್ತು. ಎರಡನೇ ಕೆಲಸ, ರಿಪೇರಿಯವರಿಗೆ ಫೋನ್ ಮಾಡಿದ್ದು. ಎರಡು ವಾರ ಬಿಟ್ಟು ಬರ್ತೀವಿ ಅಂದರು. ಯೂರೋಪಿಗೆ ಬಂದು ಹದಿನಾಲ್ಕು ವರ್ಷ ಆಯ್ತು, ಇದೇನು ನನಗೆ ಹೊಸದಲ್ಲ.

ಅಷ್ಟರಲ್ಲಿ ಹದಿನೈದು ವರ್ಷದ ಮಗಳು ಆ ಕೋಡು, ಮಾಡೆಲ್ ನಂಬರು ಎರಡನ್ನೂ ಫೋನಿಗೆ ಹಾಕಿ, "ಅಪ್ಪಾ, ನೀರು ಹೊರಗೆ ಹೋಗ್ತಿಲ್ಲ ಅಷ್ಟೆ, ಕೆಳಗೊಂದು ಫಿಲ್ಟರ್ ಇರುತ್ತಂತೆ" ಅಂದಳು. ಪ್ಲಗ್ ಕಿತ್ತಳು. ಬಲಗಡೆ ತಳದಲ್ಲಿದ್ದ ಪುಟ್ಟ ಮುಚ್ಚಳ ತೆಗೆದು, ಅಗಲವಾದ ತಟ್ಟೆ ಇಟ್ಟು, ಸುತ್ತ ಹಳೆ ಟವೆಲ್ ಹಾಸಿ, ಫಿಲ್ಟರನ್ನು ಕಾಲು ಸುತ್ತು ತಿರುಗಿಸಿದಳು. ನೀರು ಬಂತು. ತಟ್ಟೆ ತುಂಬಿದರೆ ಬಿಗಿ ಮಾಡೋದು, ಚೆಲ್ಲಿ ಬರೋದು, ಮತ್ತೆ ಸಡಿಲಿಸೋದು. ಹತ್ತೋ ಹನ್ನೆರಡೋ ತಟ್ಟೆ ಆದಮೇಲೆ ಫಿಲ್ಟರ್ ಪೂರ್ತಿ ಕೈಗೆ ಬಂತು. ಒಂದು ಹೇರ್‌ಪಿನ್, ಒಂದು ನಾಣ್ಯ, ನೆನೆದು ಉಂಡೆಯಾದ ಟಿಶ್ಯೂ. ಒಳಗೆ ಬೆರಳು ಹಾಕಿ ಪಂಪಿನ ರೆಕ್ಕೆ ತಿರುಗುತ್ತಾ ಅಂತ ನೋಡಿದ್ದೂ ಅವಳೇ. ನಾನು ಟಾರ್ಚ್ ಹಿಡಿದಿದ್ದೆ.

"ಈಗಿನ ಮಕ್ಕಳಿಗೆ ಒಂದು ಸ್ಕ್ರೂ ತಿರುಗಿಸೋಕೂ ಬರಲ್ಲ" ಅಂತ ನನ್ನ ವಯಸ್ಸಿನ ಹೊರನಾಡ ಕನ್ನಡಿಗರು ಸೇರಿದಾಗಲೆಲ್ಲ ಹೇಳಿಕೊಳ್ಳುತ್ತೇವೆ. ಹೇಳುವವರಲ್ಲಿ ನಾನೂ ಒಬ್ಬ. ನಿಜ ಹೇಳಬೇಕೆಂದರೆ ಬರದೇ ಇರೋದು ನಮಗೆ.

ಅಪ್ಪನಿಗೆ ಬರುತ್ತಿತ್ತು. ಫ್ಯಾನು ಗುಂಯ್ ಅನ್ನುತ್ತಿದೆ ಆದರೆ ತಿರುಗುತ್ತಿಲ್ಲ ಅಂದರೆ ಒಂದು ಕೋಲಿನಿಂದ ರೆಕ್ಕೆಯನ್ನು ಮೆಲ್ಲಗೆ ತಳ್ಳುತ್ತಿದ್ದರು. ತಳ್ಳಿದ ಮೇಲೆ ಓಡಿದರೆ ಕಂಡೆನ್ಸರ್ ಹೋಗಿದೆ ಅಂತ ಲೆಕ್ಕ, ಯಾಕೆಂದರೆ ಆ ಮೋಟಾರಿಗೆ ಮೊದಲ ತಳ್ಳು ಕೊಡೋದೇ ಅದು. ಸ್ವಿಚ್ ಆಫ್ ಮಾಡಿ ಕೈಯಲ್ಲಿ ತಿರುಗಿಸಿದಾಗಲೂ ಬಿಗಿಯಾಗಿದ್ದರೆ ಬೇರಿಂಗ್, ಅಂದರೆ ಸಲೀಸಾಗಿ ತಿರುಗಲಿ ಅಂತ ಒಳಗೆ ಹಾಕಿರುವ ಗುಂಡಿನ ಬಳೆ, ಹಿಡಿದಿದೆ. ಸುಟ್ಟ ವಾಸನೆ ಬಂದರೆ ವೈಂಡಿಂಗ್, ಅಂದರೆ ಮೋಟಾರಿನ ತಂತಿ ಸುರುಳಿ, ಹೋಗಿದೆ. ಮನೆಯಲ್ಲಿದ್ದದ್ದು ಒಂದು ಟೆಸ್ಟರ್, ಒಂದು ಕಟಿಂಗ್ ಪ್ಲೇಯರ್. ಮಿಕ್ಕಿದ್ದೆಲ್ಲ ಕಿವಿ, ಮೂಗು, ಬೆರಳು. ಇದನ್ನು ಹವ್ಯಾಸ ಅಂತ ಕರೆದರೆ ಅಪ್ಪ ನಗುತ್ತಾರೆ. ಹೊಸದು ತರೋಕೆ ಆಗುತ್ತಿರಲಿಲ್ಲ, ಅದಕ್ಕೇ ಹಳೆಯದನ್ನು ಬಿಚ್ಚುತ್ತಿದ್ದರು.

ನಾನು ಓದಿದ್ದು ಎಂಜಿನಿಯರಿಂಗ್. ಮನೆ ಫ್ಯಾನಿನಂಥ ಸಿಂಗಲ್ ಫೇಸ್ ಮೋಟಾರಿಗೆ ಕೆಪಾಸಿಟರ್ (ಅಪ್ಪನ ಕಂಡೆನ್ಸರೇ) ಯಾಕೆ ಬೇಕು ಅಂತ ಪರೀಕ್ಷೆಯಲ್ಲಿ ಎರಡು ಪುಟ ಬರೆದಿದ್ದೇನೆ, ಒಂದೇ ಒಂದನ್ನೂ ಕೈಯಾರೆ ಬದಲಾಯಿಸಿಲ್ಲ. ಅಪ್ಪ ಬಿಚ್ಚಿಕೊಂಡು ಕೂತಾಗ ಹತ್ತಿರ ಹೋದರೆ "ನೀನು ಓದ್ಕೋ ಹೋಗು" ಅನ್ನುತ್ತಿದ್ದರು. ಪ್ರೀತಿಯಿಂದಲೇ ಅಂದಿದ್ದು. ಕೈ ಮಸಿ ಮಾಡಿಕೊಳ್ಳೋದು ತಮ್ಮ ಕಾಲಕ್ಕೇ ಮುಗಿಯಲಿ ಅನ್ನೋ ಆಸೆ ಅದರಲ್ಲಿತ್ತು. ಆಮೇಲೆ ನನಗೆ ಸಂಬಳ ಬಂತು. ನಲ್ಲಿ ವಾಷರ್ ಹೋದರೂ ಯಾರನ್ನಾದರೂ ಕರೆಸಿದರಾಯ್ತು, ಊರಲ್ಲಿ ಕೂಲಿ ಕಡಿಮೆ.

ಇಲ್ಲಿ ನೋಡಿದರೆ ಡಾಕ್ಟರೂ ಗೋಡೆಗೆ ಡ್ರಿಲ್ ಹಾಕುತ್ತಾರೆ, ಮೇಷ್ಟ್ರೂ ಬಾತ್‌ರೂಮಿಗೆ ಟೈಲ್ಸ್ ಹಾಕುತ್ತಾರೆ. ಇವರ ಕೈ ಜಾಣ, ನಮ್ಮದು ದಡ್ಡ ಅಂತಲ್ಲ. ಕರೆಸಿದರೆ ಕೂಲಿ ಜಾಸ್ತಿ, ಅದಕ್ಕೆ ತಾವೇ ಮಾಡಿಕೊಳ್ಳುತ್ತಾರೆ. ಹಾಗೇ "ನಮ್ಮ ಕಡೆ ಎಲ್ಲವನ್ನೂ ರಿಪೇರಿ ಮಾಡ್ತಾರೆ, ಇಲ್ಲಿಯವರ ಹಾಗೆ ಎಸೆಯಲ್ಲ" ಅಂತ ನಾವು ಬೀಗುತ್ತೇವಲ್ಲ, ಆ 'ನಮ್ಮ'ದರಲ್ಲಿ ರಿಪೇರಿ ಮಾಡುವವನು ಯಾವತ್ತೂ ಇರಲಿಲ್ಲ. ಅವನು ಹಿಂಬಾಗಿಲಿಂದ ಬಂದು ಕೆಲಸ ಮಾಡಿ ಹೋದ. ಹೆಮ್ಮೆ ಮಾತ್ರ ನಮ್ಮದು.

ವಸ್ತುಗಳೂ ಬದಲಾದವು, ಅದು ಸುಳ್ಳಲ್ಲ. ಮೊದಲು ಫೋನಿನ ಬೆನ್ನು ಉಗುರಲ್ಲಿ ಎಬ್ಬಿಸಿದರೆ ಬ್ಯಾಟರಿ ಕೈಗೆ ಬರುತ್ತಿತ್ತು, ಈಗ ಬಿಸಿ ಮಾಡಿ ಅಂಟು ಕರಗಿಸಬೇಕು. ಇಲ್ಲಿ ಇದಕ್ಕೆಲ್ಲ ಕಾನೂನು ಬರುತ್ತಿದೆ. 2021ರ ಮಾರ್ಚ್‌ನಿಂದ ವಾಷಿಂಗ್ ಮೆಷಿನ್ ಬಿಡಿಭಾಗಗಳು ಹತ್ತು ವರ್ಷ ಸಿಗುವ ಹಾಗೆ ಇರಬೇಕು ಅಂತಾಯ್ತು, ಆದರೆ ಅದರಲ್ಲೂ ಭೇದ. ಬಾಗಿಲಿನ ರಬ್ಬರನ್ನು ನನ್ನಂಥವನಿಗೂ ಕೊಡಬೇಕು, ಪಂಪು ಮೋಟಾರುಗಳನ್ನು ರಿಪೇರಿ ವೃತ್ತಿಯವರಿಗೆ ಕೊಟ್ಟರೆ ಸಾಕು. ವಾರಂಟಿ ಮುಗಿದ ಮೇಲೂ ತಯಾರಿಸಿದವರು ರಿಪೇರಿ ಮಾಡಿಕೊಡಬೇಕು ಅನ್ನುವ ಇನ್ನೊಂದು ಕಾನೂನು 2024ರಲ್ಲಿ ಪಾಸಾಯಿತು, ಜಾರಿಗೆ ಗಡುವು 2026ರ ಜುಲೈ 31. ಭಾರತದಲ್ಲೂ 2022ರಲ್ಲಿ 'ರೈಟ್ ಟು ರಿಪೇರ್' (ರಿಪೇರಿಯ ಹಕ್ಕು) ಅನ್ನುವ ವೆಬ್ ಪೋರ್ಟಲ್ ಶುರುವಾಯಿತು. ಒಳ್ಳೇದೇ. ಆದರೆ ಕಾನೂನು ಬಿಡಿಭಾಗ ಕೊಡಿಸುತ್ತೆ, ಬಿಚ್ಚುವ ಧೈರ್ಯ ಕೊಡಿಸೋಕೆ ಆಗುತ್ತಾ?

ರಿಪೇರಿ ಕೆಫೆ ಅಂತ ಒಂದಿದೆ, 2009ರಲ್ಲಿ ಆಮ್‌ಸ್ಟರ್‌ಡ್ಯಾಮಿನಲ್ಲಿ ಶುರುವಾಗಿ ಈಗ ಎಷ್ಟೋ ದೇಶಗಳಲ್ಲಿ ನಡೆಯುತ್ತೆ. ಕೆಟ್ಟದ್ದನ್ನು ತಗೊಂಡು ಹೋದರೆ ಗೊತ್ತಿರುವವರು ಪಕ್ಕ ಕೂತು ಸೇರಿ ರಿಪೇರಿ ಮಾಡುತ್ತಾರೆ, ಕೊಟ್ಟು ಮನೆಗೆ ಬರೋ ಹಾಗಿಲ್ಲ. ನಾನೂ ಮಗಳೂ ಒಂದು ಇಸ್ತ್ರಿಪೆಟ್ಟಿಗೆ ಹಿಡಿದು ಹೋಗಿದ್ದೆವು. ಮೇಜಿನ ಆಚೆ ಕೂತವರಲ್ಲಿ ರಿಟೈರ್ ಆದವರಿದ್ದರು, ಇಪ್ಪತ್ತರ ಆಸುಪಾಸಿನವರಿದ್ದರು. ನನ್ನ ವಯಸ್ಸಿನವರೆಲ್ಲ ಮೇಜಿನ ಈಚೆ, ಕೆಟ್ಟ ಸಾಮಾನು ತೊಡೆ ಮೇಲಿಟ್ಟುಕೊಂಡು. ಸದ್ಯ, ಈ ಒಂದು ವಿಷಯದಲ್ಲಿ ನಾನೂ ಇಲ್ಲಿಯವರೂ ಸರಿಸಮ.

ಮಗಳ ವಿದ್ಯೆಯಲ್ಲೂ ಹುಳುಕಿದೆ. ವಿಡಿಯೋದಲ್ಲಿ ಇರುವ ಮಾಡೆಲ್ಲೇ ಆದರೆ ಸರಿ, ಸ್ವಲ್ಪ ಬೇರೆ ಇದ್ದರೆ ಕೈ ನಿಲ್ಲುತ್ತೆ. ಫಿಲ್ಟರ್ ತೊಳೆದು ಹಾಕಿದ ಮೇಲೆ ಮೆಷಿನ್ ಓಡಿತು, ಆದರೆ ಸ್ಪಿನ್ ಹೊತ್ತಿಗೆ ಗರಗರ ಅಂತ ಹೊಸದೊಂದು ಸದ್ದು. ಕೋಡ್ ಇಲ್ಲ, ಹಾಗಾಗಿ ಅವಳಿಗೂ ದಾರಿ ಇಲ್ಲ. ತಾತನಿಗೆ ವಿಡಿಯೋ ಕಾಲ್ ಮಾಡಿದಳು.

"ನನಗೆ ತೋರಿಸ್ಬೇಡ ಪುಟ್ಟಿ, ಫೋನನ್ನ ಮೆಷಿನ್ ಬೆನ್ನಿಗೆ ಇಡು" ಅಂದರು ಅಪ್ಪ. ಕಣ್ಣು ಮುಚ್ಚಿ ಕೇಳಿದರು. "ಬೇರಿಂಗು. ಆರು ತಿಂಗಳು ಎಳೆಯುತ್ತೆ. ಬಿಚ್ಚಿ ಹೊಸದು ಹಾಕ್ಕೊಳ್ಳಿ."

ಮಗಳು ನಮ್ಮ ಮಾಡೆಲ್ ಹುಡುಕಿದಳು. ಬಟ್ಟೆ ತಿರುಗುವ ಡ್ರಮ್ಮಿನ ಸುತ್ತ ನೀರು ಹಿಡಿಯುವ ಟಬ್ಬಿನ ಎರಡು ಹೋಳನ್ನು ಸ್ಕ್ರೂ ಹಾಕದೆ ಬೆಸೆದೇಬಿಟ್ಟಿದ್ದಾರೆ, ಬೇರಿಂಗ್ ಹೋದರೆ ಇಡೀ ಟಬ್ ಬದಲಾಯಿಸಬೇಕಂತೆ. ತಾತನಿಗೆ ಹೇಳಿದಳು. ಅವರಿಗೆ ಅರ್ಥವೇ ಆಗಲಿಲ್ಲ. "ಬೆಸೆದುಬಿಟ್ರೆ ಬಿಚ್ಚೋದು ಹೇಗೆ?" ಅಂತ ಎರಡೆರಡು ಸಲ ಕೇಳಿದರು.

ಗರಗಸದಲ್ಲಿ ಟಬ್ ಕೊಯ್ದು, ಬೇರಿಂಗ್ ಹಾಕಿ, ಬೋಲ್ಟ್ ಬಿಗಿದು, ಸಿಲಿಕೋನ್ ಬಳಿದವರ ವಿಡಿಯೋ ಒಂದನ್ನು ಮಗಳು ಹುಡುಕಿಟ್ಟುಕೊಂಡಿದ್ದಾಳೆ. ರಜೆಯಲ್ಲಿ ಮಾಡೋಣ ಅಂತ ತಾತನ ಜೊತೆ ಮಾತಾಗಿದೆ. ನಾನು ಸುಮ್ನೆ ಇರಲಿ ಅಂತ ಒಂದು ಹೊಸ ಮೆಷಿನ್ ನೋಡಿಟ್ಟಿದ್ದೇನೆ, ಇಬ್ಬರಿಗೂ ಹೇಳಿಲ್ಲ.