ತಿಂದರು, ಒಂದಗುಳೂ ಬಿಡಲಿಲ್ಲ

ಸೋಮವಾರ ಬೆಳಗ್ಗೆ ಆಫೀಸಿನ ಮೇಲ್: ‘ಟೀಮ್, ಈ ಕ್ವಾರ್ಟರ್ ಸ್ಲೇ ಮಾಡಿದಿರಿ! ಯಾಸ್ ಕ್ವೀನ್ಸ್!’ ಈ ಕ್ವೀನ್‌ಗಳಲ್ಲಿ ಅಕೌಂಟ್ಸಿನ ಹಿರಿಯರೊಬ್ಬರೂ ಸೇರಿದ್ದಾರೆ. ಮುಂದಿನ ವರ್ಷ ರಿಟೈರ್ಮೆಂಟು. ‘ಸ್ಲೇ ಅಂದ್ರೆ ಕೊಲ್ಲೋದಲ್ವಾ? ಯಾರನ್ನ ಕೊಂದ್ವಿ?’ ಎಂದು ಕೇಳಿದರು. ‘ಈ ವರ್ಷ ಇನ್‌ಕ್ರಿಮೆಂಟ್ ಇಲ್ಲ ಅಂತ ಅರ್ಥ ಸಾರ್’ ಎಂದೆ.

ಈಗಿನವರ ಬಾಯಲ್ಲಿ ಸ್ಲೇ ಅಂದ್ರೆ ಭರ್ಜರಿಯಾಗಿ ಮಾಡೋದು. ಹೊಗಳಿಕೆ ಪುಕ್ಕಟೆ. ಒಪ್ಪಲೇಬೇಕು, ಎಂಥಾ ಉಳಿತಾಯ!

ಇಂಥದ್ದೇ ಇನ್ನೊಂದು ಮಾತಿದೆ, ‘ಏಟ್’ (ate), ಅಂದರೆ ತಿಂದೆ. ಚೆನ್ನಾಗಿ ಮಾಡಿದವರಿಗೆ ‘ತಿಂದುಬಿಟ್ಟೆ, ಒಂದು ಚೂರೂ ಬಿಡಲಿಲ್ಲ’ ಎನ್ನಬೇಕಂತೆ. ಕನ್ನಡದಲ್ಲಿ ಇದು ನಡೆಯೋದಿಲ್ಲ. ಯಾವುದಾದರೂ ಸರ್ಕಾರಿ ಕಚೇರಿಯಲ್ಲಿ ನಿಂತು ‘ಸಾಹೇಬ್ರೇ, ಚೆನ್ನಾಗಿ ತಿಂದಿದ್ದೀರಿ, ಒಂದಗುಳೂ ಬಿಟ್ಟಿಲ್ಲ’ ಎಂದು ಹೇಳಿ ನೋಡಿ. ಲೋಕಾಯುಕ್ತದವರು ಬಂದರು ಅಂದುಕೊಂಡು ಹಿಂಬಾಗಿಲು ಹುಡುಕುತ್ತಾರೆ. ‘ರೀಡ್’ ಮಾಡುವುದು ಮಾತ್ರ ನಮಗೆ ಹೊಸದಲ್ಲ. ಎದುರಿಗಿರುವವರ ಹುಳುಕನ್ನೆಲ್ಲ ನಗುನಗುತ್ತಾ ಬಿಡಿಸಿಡುವುದು. ನಾವು ಅದನ್ನು ಮಂಗಳಾರತಿ ಎನ್ನುತ್ತೇವೆ. ಅದನ್ನೇ ಬಾಯಿ ಬಿಡದೆ, ಬರೀ ಸೆರಗು ಸರಿಮಾಡಿಕೊಂಡು ಮಾಡಿದರೆ ‘ಶೇಡ್’. ನಮ್ಮ ಅತ್ತೆ ಎರಡರಲ್ಲೂ ಎತ್ತಿದ ಕೈ. ಹಾರ್ಲೆಮ್‌ನಲ್ಲಿ ಹುಟ್ಟಿದ್ದರೆ ಮನೆ ತುಂಬ ಕಪ್ ಇರುತ್ತಿದ್ದವು.

ಹೌದು, ಈ ಮಾತುಗಳು ಬೆಳೆದದ್ದು ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿ. ಕಪ್ಪು ಮತ್ತು ಲ್ಯಾಟಿನೋ ಗೇ, ಟ್ರಾನ್ಸ್ ಜನ ನಡೆಸುತ್ತಿದ್ದ ‘ಬಾಲ್’ಗಳಲ್ಲಿ, ಅಂದರೆ ವೇಷ, ನಡಿಗೆ, ಕುಣಿತದ ಸ್ಪರ್ಧಾಕೂಟಗಳಲ್ಲಿ. ಹೆಣ್ಣುವೇಷ ಹಾಕಿ ಮೆರೆಯುವ ಡ್ರ್ಯಾಗ್ ಸ್ಪರ್ಧೆಗಳಲ್ಲಿ ಕಿರೀಟ ಬಿಳಿ ತಲೆಗಳನ್ನೇ ಹುಡುಕಿಕೊಂಡು ಹೋಗುತ್ತಿತ್ತು. ಅದಕ್ಕೆ ರೋಸಿಹೋದ ಕಪ್ಪು ಡ್ರ್ಯಾಗ್ ಕ್ವೀನ್ ಕ್ರಿಸ್ಟಲ್ ಲಬೇಜಾ 1970ರ ಆಸುಪಾಸಿನಲ್ಲಿ ತನ್ನದೇ ‘ಹೌಸ್’ ಕಟ್ಟಿದಳು, ಮನೆಯಂಥದ್ದೇ ಒಂದು ತಂಡ. ಹೌಸಿಗೊಬ್ಬಳು ‘ಮದರ್’. ಹೆತ್ತವರು ಹೊರದಬ್ಬಿದ ಮಕ್ಕಳಿಗೆ ಅವಳೇ ತಾಯಿ. ಈಗ ಹೊಸ ಹಾಡು ಬಿಟ್ಟ ಯಾವ ಗಾಯಕಿಯಾದರೂ ‘ಮದರ್’.

ಬಾಲ್‌ಗಳಲ್ಲಿ ‘ಎಕ್ಸಿಕ್ಯೂಟಿವ್ ರಿಯಲ್‌ನೆಸ್’ ಎಂಬ ವಿಭಾಗವಿತ್ತು. ಸೂಟು ಹಾಕಿ, ಬ್ರೀಫ್‌ಕೇಸ್ ಹಿಡಿದು, ಥೇಟ್ ಕಂಪನಿ ಸಾಹೇಬರ ಹಾಗೆ ನಡೆಯಬೇಕು. ಗೆದ್ದವರಿಗೆ ಹತ್ತಕ್ಕೆ ಹತ್ತು. ಬೆಳಗಾದ ಮೇಲೆ ಅಂಥ ಕಂಪನಿಗಳಲ್ಲಿ ಅವರಿಗೆ ಕೆಲಸ ಯಾರು ಕೊಡಬೇಕು? 1990ರ ‘ಪ್ಯಾರಿಸ್ ಈಸ್ ಬರ್ನಿಂಗ್’ ಸಾಕ್ಷ್ಯಚಿತ್ರ ನೋಡಿದವರಿಗೆ ಇದು ಗೊತ್ತು. ಆಗ ಅವರು ಸಾಹೇಬರ ವೇಷ ಹಾಕುತ್ತಿದ್ದರು. ಈಗ ಸಾಹೇಬರು ಪವರ್‌ಪಾಯಿಂಟ್ ಮುಂದೆ ನಿಂತು ಅವರ ವೇಷ ಹಾಕುತ್ತಿದ್ದಾರೆ. ನಟನೆ ಏನೂ ಸಾಲದು. ಹತ್ತಕ್ಕೆ ಎರಡು ಕೊಡಬಹುದು, ಅದೂ ಸೂಟಿಗೆ.

ಅಕೌಂಟ್ಸಿನವರ ಪ್ರಶ್ನೆ ಮಾತ್ರ ತಲೆಯಿಂದ ಹೋಗುತ್ತಿಲ್ಲ. ಯಾರನ್ನ ಕೊಂದ್ವಿ? ಆ ಚಿತ್ರದಲ್ಲಿ ಕ್ಯಾಮೆರಾ ಮುಂದೆ ಮದುವೆಯ ಕನಸು ಹೇಳಿಕೊಂಡ ವೀನಸ್ ಎಕ್ಸ್‌ಟ್ರಾವಗಾಂಜಾ 1988ರಲ್ಲೇ ಕೊಲೆಯಾದಳು, ಚಿತ್ರ ತೆರೆಕಾಣುವ ಮೊದಲೇ. 2023ರ ಜುಲೈನಲ್ಲಿ ಬ್ರೂಕ್ಲಿನ್‌ನ ಪೆಟ್ರೋಲ್ ಬಂಕ್ ಒಂದರಲ್ಲಿ ಓಶೇ ಸಿಬ್ಲಿ ಎಂಬ ನರ್ತಕ ಗೆಳೆಯರ ಜೊತೆ ಆ ಬಾಲ್‌ಗಳದೇ ಕುಣಿತವಾದ ವೋಗ್ ಕುಣಿಯುತ್ತಿದ್ದ. ಚಾಕು ಹಾಕಿ ಕೊಂದರು. ಬಿಯಾನ್ಸೆಯ ಹಾಡು ಹಾಕಿಕೊಂಡು ಕುಣಿದದ್ದಕ್ಕೆ! ಅದೇ ಕುಣಿತಕ್ಕೆ ಜಾಹೀರಾತಿನಲ್ಲಿ ಕಾಸು ಹುಟ್ಟುತ್ತದೆ. ಮಾತು ಬೇಕು, ಕುಣಿತ ಬೇಕು, ಆ ಮನುಷ್ಯರು ಬೇಡ. ಸಾಕಾಗಿದೆ.

ಸುಮ್ನೆ ಇರಲಾಗದೆ ಆ ಮೇಲಿಗೆ ಉತ್ತರ ಬರೆದೆ. ರಾಜ್ಯ ಸರ್ಕಾರ 2021ರಲ್ಲೇ ತನ್ನ ನೇಮಕಾತಿಯಲ್ಲಿ ಟ್ರಾನ್ಸ್ ಜನರಿಗೆ ಶೇ 1 ಮೀಸಲಾತಿ ಕೊಟ್ಟಿದೆ, ನಮ್ಮ ಆಫೀಸಿನಲ್ಲಿ ಅಂಥವರು ಒಬ್ಬರಾದರೂ ಇದ್ದಾರಾ ಎಂದು ಕೇಳಿದೆ.

ಐದೇ ನಿಮಿಷದಲ್ಲಿ ಉತ್ತರ ಬಂತು. ‘ಒಳ್ಳೇ ಪ್ರಶ್ನೆ! ಜೂನ್‌ನಲ್ಲಿ ಪ್ರೈಡ್ ತಿಂಗಳು ಬರುತ್ತಲ್ಲ, ಆಗ ಮಾತಾಡೋಣ.’ ಕೆಳಗೊಂದು ಕಿರೀಟದ ಸ್ಟಿಕ್ಕರ್.