ಗಣಿ ಮುಗಿದ ನೆಲದಲ್ಲಿ ಹುಲ್ಲೂ ಹುಟ್ಟುವುದಿಲ್ಲವೇ?

ಕಲ್ಲಿದ್ದಲು ತೆಗೆದ ನೆಲ ಶಾಶ್ವತ ಬಂಜರು ಎಂಬ ಸಂದೇಶ ಬಾಗಲಕೋಟೆಯ ಮೊಬೈಲ್‌ಗಳಿಗೂ ಆಗಾಗ ಬರುತ್ತದೆ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಆದರೂ ಸುಣ್ಣಕಲ್ಲಿನ ಗಣಿಗಳ ಮಗ್ಗುಲಲ್ಲಿ ಬದುಕುವವರಿಗೆ ಆ ಭಯ ಸಹಜ.

ಮಾತು ಪೂರ್ತಿ ನಿಜವಲ್ಲ. ಎಲ್ಲವೂ ನಿಂತಿರುವುದು ಮೇಲ್ಮಣ್ಣಿನ ಮೇಲೆ. ಅಗೆಯುವ ಮೊದಲೇ ಅದನ್ನು ಬೇರೆಯಾಗಿ ಗುಡ್ಡೆ ಹಾಕಿ, ಗುಂಡಿ ತುಂಬಿದ ಬಳಿಕ ಮರಳಿ ಹರಡಿದರೆ ಮೊದಲು ಹುಲ್ಲು, ದ್ವಿದಳ ಗಿಡಗಳು, ಆಮೇಲೆ ಮರಗಳು ಬರುತ್ತವೆ. ಕೆಳಗಿನ ಕಲ್ಲುಪುಡಿಯೊಂದಿಗೆ ಬೆರೆಸಿಬಿಟ್ಟರೆ ಕಷ್ಟವೇ. ಎರೆಹೊಲದ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಳೆಯ ಫಲವತ್ತತೆ ಮರಳಲು ಹಲವು ವರ್ಷ ಬೇಕು, ಅದೂ ನಿಜ.

ಇಂಥ ಸಂದೇಶದ ಜೊತೆ ಚಿತ್ರ ಬಂದರೆ ಅದು ಯಾವ ಊರಿನದು, ಯಾವ ವರ್ಷದ್ದು ಎಂದು ಕೇಳಿ. ಗೂಗಲ್ ಅರ್ತ್‌ನಲ್ಲಿ ಅದೇ ಜಾಗದ ಹಿಂದಿನ ವರ್ಷಗಳ ಉಪಗ್ರಹ ಚಿತ್ರಗಳನ್ನು ಹೋಲಿಸಿ ನೋಡಿ. ಆ ಗಣಿಗೆ ಕೊಟ್ಟ ಪರಿಸರ ಅನುಮತಿಯ ಷರತ್ತುಗಳನ್ನು ಕೇಂದ್ರ ಸರ್ಕಾರದ ‘ಪರಿವೇಶ್’ ಜಾಲತಾಣದಲ್ಲಿ ಹುಡುಕಬಹುದು.