ಹೆಬ್ಬೆಟ್ಟಿನ ಪದಕ

ಜುಲೈ ತಿಂಗಳ ಡೊಂಬಿವಲಿಯಲ್ಲಿ ಯಾವ ವಸ್ತುವೂ ತಾನಾಗಿ ಒಣಗುವುದಿಲ್ಲ ಎಂಬುದನ್ನು ಇಲ್ಲಿ ಸಂಸಾರ ಮಾಡಿದವರಿಗೆ ವಿವರಿಸಬೇಕಾಗಿಲ್ಲ. ಹಾಲಿನಲ್ಲಿ ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗದ ಮೇಲೆ ಬೆಡ್‌ಶೀಟುಗಳೂ ಬನಿಯನ್ನುಗಳೂ ವಾರವಿಡೀ ತೂಗುತ್ತಿದ್ದು, ಬಂದ ಅತಿಥಿಗಳೆಲ್ಲ ತಲೆ ತಗ್ಗಿಸಿಯೇ ಒಳಬರುವ ಋತು ಇದು. ಮನೆಯಲ್ಲೇ ಬೆಳ್ಳಿಯ ಒಡವೆ ಮಾಡುವ ನನ್ನ ಹವ್ಯಾಸಕ್ಕೆ ಈ ಮಳೆ ಒಡ್ಡುವ ಅಡ್ಡಿಯನ್ನು ನಾನು ಹೇಗೋ ಸಹಿಸಿಕೊಂಡೇನು. ನಮ್ಮ ಯಜಮಾನರ ಹೆಬ್ಬೆರಳನ್ನು ಮಾತ್ರ ಸಹಿಸಲಾರೆ.

ಒಡವೆಗೆ ನಾನು ಬಳಸುವುದು ಮೆಟಲ್ ಕ್ಲೇ. ಜಪಾನಿನ ಮಿತ್ಸುಬಿಷಿ ಮೆಟೀರಿಯಲ್ಸ್ ಕಂಪನಿಯವರು 1990ರ ದಶಕದಲ್ಲಿ ಬಳಕೆಗೆ ತಂದ ಈ ಪದಾರ್ಥದಲ್ಲಿ ಇರುವುದು ಬೆಳ್ಳಿಯ ಅತಿ ನಯವಾದ ಪುಡಿ, ಅದನ್ನು ಹಿಡಿದಿಡುವ ಅಂಟು ಮತ್ತು ನೀರು, ಇಷ್ಟೇ. ಕೈಗೆ ಎಣ್ಣೆ ಸವರಿಕೊಂಡು ಚಪಾತಿ ಹಿಟ್ಟಿನಂತೆ ಲಟ್ಟಿಸಿ, ಬೇಕಾದ ಆಕಾರ ಕೊಟ್ಟು, ಚೆನ್ನಾಗಿ ಒಣಗಿಸಿ ಸುಟ್ಟರೆ, ಅಂಟು ಉರಿದುಹೋಗಿ ಬೆಳ್ಳಿಯ ಕಣಗಳು ಒಂದಕ್ಕೊಂದು ಬೆಸೆದುಕೊಳ್ಳುತ್ತವೆ. ಕೊನೆಗೆ ಉಳಿಯುವುದು ಶೇಕಡಾ 99.9ರಷ್ಟು ಶುದ್ಧ ಬೆಳ್ಳಿ. ಹಾಳೆ ಎಲ್ಲೆಡೆ ಒಂದೇ ದಪ್ಪವಾಗಿರಲೆಂದು ಎರಡೂ ಬದಿಗೆ ಇಸ್ಪೀಟು ಎಲೆಗಳನ್ನು ಪೇರಿಸಿ ಅವುಗಳ ಮೇಲೆ ಲಟ್ಟಣಿಗೆ ಉರುಳಿಸುವುದು ಪದ್ಧತಿ. ಗಣಪತಿ ಹಬ್ಬದ ಜಾಗರಣೆಗೆಂದು ಯಜಮಾನರು ಕಾದಿಟ್ಟ ಕಟ್ಟಿನಿಂದ ನಾಲ್ಕು ರಾಜರನ್ನು ನಾನು ಇದಕ್ಕೆಂದೇ ಎತ್ತಿಟ್ಟಿದ್ದೇನೆ. ಈ ಕ್ಲೇಗೆ ಕೊಡುವ ದುಡ್ಡಿನಲ್ಲಿ ಝವೇರಿ ಬಜಾರಿಗೆ ಹೋದರೆ ಇದಕ್ಕಿಂತ ಹೆಚ್ಚು ತೂಕದ ಬೆಳ್ಳಿ ಬರುತ್ತದೆ ಎಂಬ ಲೆಕ್ಕವನ್ನು ಮನೆಯಲ್ಲಿ ಯಾರೂ ಎತ್ತದಂತೆ ನೋಡಿಕೊಂಡಿದ್ದೇನೆ.

ಒಣಗಿಸುವುದೇ ಇದರಲ್ಲಿ ಮುಖ್ಯ. ಒಳಗೆ ಸ್ವಲ್ಪ ತೇವ ಉಳಿದಿದ್ದರೂ ಬೆಂಕಿ ತಗುಲಿದಾಗ ಅದು ಆವಿಯಾಗಿ ಉಬ್ಬಿ, ಒಡವೆ ಬಿರುಕು ಬಿಡುತ್ತದೆ ಇಲ್ಲವೇ ಪಟ್ಟೆಂದು ಸಿಡಿಯುತ್ತದೆ. ಆದ್ದರಿಂದ ಅದನ್ನು ಒಂದು ಕಡೆ ಇಟ್ಟು, ಯಾರೂ ಮುಟ್ಟದಂತೆ ಬಿಡಬೇಕು. ಈ ‘ಯಾರೂ’ ಎಂಬ ಗುಂಪಿಗೆ ತಾವೂ ಸೇರುತ್ತೇವೆ ಎಂಬುದನ್ನು ನಮ್ಮವರು ಇಂದಿಗೂ ಒಪ್ಪಿಲ್ಲ.

ಒದ್ದೆಯಾದದ್ದು ಯಾವುದೇ ಇರಲಿ, ಅವರು ಹೆಬ್ಬೆರಳು ಒತ್ತಿಯೇ ನೋಡಬೇಕು. ನಮ್ಮ ಸೊಸೈಟಿಯ ಲಿಫ್ಟಿಗೆ ಬಣ್ಣ ಬಳಿದು ‘ಮುಟ್ಟಬೇಡಿ’ ಎಂದು ಮರಾಠಿಯಲ್ಲಿ ಚೀಟಿ ಅಂಟಿಸಿದ್ದಾಗ, ಮೊದಲು ಮುಟ್ಟಿ, ಅನಂತರ ಚೀಟಿ ಓದಿ, ಬರಹದಲ್ಲಿ ಒಂದು ದೀರ್ಘ ತಪ್ಪಾಗಿದೆ ಎಂದು ಕಾರ್ಯದರ್ಶಿಗೆ ತಿಳಿಸಿ ಬಂದವರು ಇವರು. ಟೆರೇಸಿನಲ್ಲಿ ಹರವಿದ ಸಂಡಿಗೆಗಳಲ್ಲಿ ಮೂಲೆಯ ಸಾಲಿನವು ಪ್ರತಿ ಬೇಸಿಗೆಯಲ್ಲೂ ನಡುವೆ ತಗ್ಗಾಗಿರುತ್ತವೆ. ಗೇಟಿನ ಬಳಿ ಹೊಸದಾಗಿ ಹಾಕಿದ ಕಾಂಕ್ರೀಟಿನಲ್ಲಿಯೂ ಅವರ ಗುರುತಿದೆ. ಬ್ಯಾಂಕಿನಲ್ಲಿದ್ದಷ್ಟು ಕಾಲವೂ ಸಹಿ ಬಾರದ ಗ್ರಾಹಕರ ಎಡಗೈ ಹಿಡಿದು ಹೆಬ್ಬೆಟ್ಟು ಒತ್ತಿಸಿಕೊಂಡವರು, ನಿವೃತ್ತರಾದ ಮೇಲೆ ಆ ಋಣವನ್ನೆಲ್ಲ ಸ್ವಂತ ಬೆರಳಿನಿಂದ ತೀರಿಸುತ್ತಿದ್ದಾರೆಂದು ಕಾಣುತ್ತದೆ. ಇದರಲ್ಲಿ ಅಪರಾಧವಿದೆಯೆಂದು ಅವರಿಗೆ ಅನ್ನಿಸುವುದೂ ಇಲ್ಲ. ಒತ್ತಿದ ಕೂಡಲೇ ಅಡುಗೆಮನೆಗೆ ಬಂದು, ಉಪಕಾರ ಮಾಡಿದ ಮುಖದಲ್ಲಿ ವರದಿ ಒಪ್ಪಿಸುತ್ತಾರೆ:

“ಇನ್ನೂ ಹಸಿ ಇದೆ ಕಣೇ.”

ಈ ಸಲ ನಾನು ಕಿಟಕಿಯ ಕುಂಡದಿಂದ ಕರಿಬೇವಿನ ಒಂದು ಎಲೆ ಕಿತ್ತು, ಅದನ್ನು ಕ್ಲೇಯ ಮೇಲೆ ಒತ್ತಿ, ನಡುನಾಳವೂ ಅದರಿಂದ ಕವಲೊಡೆದ ಸಣ್ಣ ಗೆರೆಗಳೂ ಸ್ಪಷ್ಟವಾಗಿ ಮೂಡುವಂತೆ ಪದಕವೊಂದನ್ನು ಮಾಡಿದ್ದೆ. ಒಣಗಿದ ಮೇಲೆ ಅದರ ಅಂಚನ್ನು ಸ್ಯಾಂಡ್‌ಪೇಪರಿನಿಂದ ತಿಕ್ಕಿ, ಉದುರಿದ ಪುಡಿಯನ್ನು ಕಾಗದದ ಮೇಲೆ ಹಿಡಿದು ಡಬ್ಬಿಗೆ ಹಾಕಿದೆ. ನೀರು ಬೆರೆಸಿದರೆ ಅದೇ ಪುಡಿ ಬಿರುಕು ತುಂಬಲು ಒದಗುತ್ತದೆ. ತೀರ್ಥಹಳ್ಳಿಯಲ್ಲಿ ನಮ್ಮ ಬೀದಿಯ ಅಕ್ಕಸಾಲಿಗಳು ಸಂಜೆ ಏಳುವ ಮುನ್ನ ತಾವು ಕುಳಿತ ಜಾಗವನ್ನು ಗುಡಿಸಿ, ಆ ಕಸವನ್ನೂ ಹೀಗೆಯೇ ಎತ್ತಿಡುತ್ತಿದ್ದರು. ಅಜ್ಜಿಯ ಕಾಲುಂಗುರ ಬೆಸೆಯಲು ಅವರು ಕೆನ್ನೆ ಉಬ್ಬಿಸಿ ಊದುಗೊಳವೆಯಿಂದ ಜ್ವಾಲೆಯನ್ನು ಬಾಗಿಸುತ್ತಿದ್ದುದನ್ನು ನೋಡುತ್ತ ನಾನು ಜಗಲಿಯ ಅಂಚಿನಲ್ಲಿ ಶಾಲೆಯ ಹೊತ್ತನ್ನೇ ಮರೆಯುತ್ತಿದ್ದೆ. ಅವರ ಮಕ್ಕಳು ಯಾರೂ ಆ ಕಸುಬು ಹಿಡಿಯಲಿಲ್ಲ. ಕೆಲಸದ ಮೇಲೆ ಯಾರಾದರೂ ಕೈಯಾಡಿಸಲು ಬಂದರೆ ಅವರು ಅದೇ ಊದುಗೊಳವೆಯಿಂದ ಗೆಣ್ಣಿನ ಮೇಲೆ ಮೊಟಕುತ್ತಿದ್ದರು ಎಂಬುದೂ ಈಗ ಬಹಳ ನೆನಪಾಗುತ್ತಿದೆ.

ಸುಡುವ ಹೊತ್ತಿಗೆ ದೀಪ ಆರಿಸಿ, ಪದಕವನ್ನು ಬೆಂಕಿಇಟ್ಟಿಗೆಯ ಮೇಲಿಟ್ಟು, ಕೈಯಲ್ಲಿ ಹಿಡಿಯುವ ಸಣ್ಣ ಗ್ಯಾಸ್ ಟಾರ್ಚಿನಿಂದ ಕಾಯಿಸಿದೆ. ಮೊದಲು ಸ್ವಲ್ಪ ಹೊಗೆ, ಅಂಟು ಹತ್ತಿಕೊಂಡಾಗ ಚಿಕ್ಕದೊಂದು ಜ್ವಾಲೆ, ಆಮೇಲೆ ಮಂದವಾದ ಕಿತ್ತಳೆ ಹೊಳಪು. ಆ ಹೊಳಪನ್ನು ಕೆಲವು ನಿಮಿಷ ಹಾಗೆಯೇ ಕಾಪಾಡಬೇಕು. ಕಾವು ಮಿತಿಮೀರಿ 962 ಡಿಗ್ರಿಯ ಹತ್ತಿರ ಹೋದರೆ ಬೆಳ್ಳಿ ಕರಗಿ ಎಲೆಯೂ ಇಲ್ಲ, ಪದಕವೂ ಇಲ್ಲ. ಆರಿದ ಮೇಲೆ ನೋಡಿದರೆ ಒಡವೆ ಬೆಳ್ಳಿಯಂತೆ ಕಾಣದೆ ಸುಣ್ಣ ಬಳಿದಂತೆ ಬೆಳ್ಳಗಿರುತ್ತದೆ. ಹಿತ್ತಾಳೆ ತಂತಿಯ ಬ್ರಷ್ಷಿನಿಂದ ಉಜ್ಜಿದಾಗಲೇ ಅದರ ನಿಜವಾದ ಮುಖ ಹೊರಬರುವುದು.

ಹೊರಬಂದಿತು. ಬೂದು ಬಣ್ಣದ ಹಸಿ ಕ್ಲೇಯಲ್ಲಾಗಲಿ ಸುಟ್ಟ ಬಿಳುಪಿನಲ್ಲಾಗಲಿ ಕಣ್ಣಿಗೆ ಬೀಳದಿದ್ದ ಒಂದು ಹೆಬ್ಬೆಟ್ಟು, ಕರಿಬೇವಿನ ನಡುನಾಳದ ಮೇಲೆ ಅಡ್ಡಲಾಗಿ ಮಲಗಿ, ಸುಳಿ ಸುಳಿಯಾಗಿ ಫಳಫಳ ಹೊಳೆಯತೊಡಗಿತು. ಸುಟ್ಟಾಗ ಕ್ಲೇ ಶೇಕಡಾ ಹತ್ತರಷ್ಟು ಕುಗ್ಗುವುದರಿಂದ ಬೆರಳೂ ಅದೇ ಪ್ರಮಾಣದಲ್ಲಿ ಕುಗ್ಗಿ, ಗೆರೆಗಳು ಇನ್ನಷ್ಟು ಒತ್ತೊತ್ತಾಗಿ ಬಂದಿದ್ದವು. ತಿಕ್ಕಿ ತೆಗೆಯೋಣವೆಂದರೆ ಅದರೊಡನೆ ಎಲೆಯ ಗೆರೆಗಳೂ ಹೋಗುತ್ತವೆ. ಯಜಮಾನರು ಕನ್ನಡಕ ಏರಿಸಿ, ದೀಪಕ್ಕೆ ಹಿಡಿದು, ಬ್ಯಾಂಕಿನ ಗಾಂಭೀರ್ಯದಿಂದ ಪರಿಶೀಲಿಸಿ, “ಸ್ಪಷ್ಟವಾಗಿ ಬಂದಿದೆ” ಎಂದರು.

“ರೀ, ಇದನ್ನು ನಾನು ಕೊರಳಿಗೆ ಹಾಕಿಕೊಳ್ಳಬೇಕು!”

“ಹಾಕಿಕೋ. ಕಳೆದುಹೋದರೆ ಯಾರ ಮನೆಯದೆಂದು ತಿಳಿಯುತ್ತದೆ.”

ಮುಂದಿನ ಪದಕವನ್ನು ಹೇರ್ ಡ್ರೈಯರಿನಲ್ಲಿ ನಾನೇ ಕಾವಲು ನಿಂತು ಒಣಗಿಸಿದೆ. ಒಣಗಿದೆಯೋ ಇಲ್ಲವೋ ಎಂದು ಮುಟ್ಟದೆಯೇ ತಿಳಿಯುವ ಉಪಾಯವೊಂದಿದೆ: ಬೆಚ್ಚಗಿರುವಾಗಲೇ ಅದನ್ನು ಕನ್ನಡಿಯ ಮೇಲೆ ಇಟ್ಟು ಎತ್ತಿದರೆ, ತೇವವಿದ್ದಲ್ಲಿ ಗಾಜಿನ ಮೇಲೆ ಮಂಜು ಕಟ್ಟುತ್ತದೆ. ಈ ಜವಾಬ್ದಾರಿಯನ್ನು ಕೊಟ್ಟರಾದರೂ ಬೆರಳಿಗೆ ಬಿಡುವು ಸಿಕ್ಕೀತೆಂದು ಕನ್ನಡಿಯನ್ನು ಅವರಿಗೇ ಒಪ್ಪಿಸಿದೆ. ಅವರು ಪದಕವನ್ನು ಬಹು ಜೋಪಾನದಿಂದ ಅಂಚಿನಲ್ಲಿ ಹಿಡಿದು ಎತ್ತಿ, ಕೆಳಗೆ ಮೂಡಿದ ಮಂಜನ್ನು ನೋಡಿ, ಅದು ನಿಜವಾಗಿ ತೇವವೇ ಎಂದು ಖಾತ್ರಿಪಡಿಸಿಕೊಳ್ಳಲು ಅದರ ಮೇಲೆ ಹೆಬ್ಬೆರಳು ಒತ್ತಿದರು.